ಕಳೆದುದರ ಅಳಲು, ಇಂದಿನ ಪ್ರಸಾದ

ಭಾದ್ರಪದ ಬಹುಳ ಪಾಡ್ಯದಿಂದ ಅಮಾವಾಸ್ಯೆಯವರೆಗಿನ ಪಕ್ಷವು ಪಿತೃಗಳಿಗೆ ಮೀಸಲಾದುದೆಂಬುದು ಎಲ್ಲರಿಗೂ ತಿಳಿದ ವಿಷಯ. ಆ ದಿನಗಳಲ್ಲಿ ಮನೆಮನೆಗಳಲ್ಲಿ ಎಳ್ಳು, ದರ್ಭೆ, ಪಿಂಡಗಳ ಸಿದ್ಧತೆ ನಡೆಯುತ್ತದೆ; ಅಗಲಿದವರ ನಾಮಗೋತ್ರಗಳು ಉಚ್ಚರಿಸಲ್ಪಡುತ್ತವೆ. ಮಹಾಲಯ ಅಮಾವಾಸ್ಯೆ ಕಳೆದು ಮರುದಿನ ಸೂರ್ಯೋದಯವಾಗುತ್ತಲೇ ಆಶ್ವಯುಜ ಶುದ್ಧ ಪಾಡ್ಯ. ಅದೇ ಅಂಗಳದಲ್ಲಿ ರಂಗವಲ್ಲಿ, ಅದೇ ಬಾಗಿಲಿಗೆ ತೋರಣ, ದೇವರ ಮುಂದೆ ಅಖಂಡದೀಪ, ಶ್ರೀನಿವಾಸಕಲ್ಯಾಣದ ಪಾರಾಯಣ. 2020ರಲ್ಲಿ ಆದಂತೆ ಅಧಿಕ ಆಶ್ವಯುಜವು ನಡುವೆ ಬಂದ ವರ್ಷಗಳನ್ನು ಬಿಟ್ಟರೆ, ಇವೆರಡರ ನಡುವೆ ಪಂಚಾಂಗವು ಒಂದು ದಿನದ ಬಿಡುವನ್ನೂ ಇಟ್ಟಿಲ್ಲ.

ಈ ಸಂಧಿಕಾಲದಲ್ಲಿ ದೇವಾಲಯಕ್ಕೆ ಬರುವ ಸಜ್ಜನರ ಬಾಯಲ್ಲಿ ನಾವು ವರ್ಷವರ್ಷವೂ ಕೇಳುವ ಮಾತೊಂದುಂಟು. "ಆಚಾರ್ರೇ, ತಾಯಿಯ ಕಡೆಗಾಲದಲ್ಲಿ ನಾನು ಹತ್ತಿರ ಇರಲಿಲ್ಲ. ಈಗ ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ದೇವರು ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೂ ಹಬ್ಬದ ಎಲೆಯ ಮುಂದೆ ಕುಳಿತಾಗ ಅದೇ ನೆನಪಾಗಿ ತುತ್ತು ಇಳಿಯುವುದಿಲ್ಲ. ನಾನು ಸಂತೋಷಪಡುವುದೇ ತಪ್ಪೋ ಏನೋ" ಎಂದು ಒಬ್ಬರು ಹೇಳಿದರೆ, ತಮ್ಮನೊಡನೆ ಆಸ್ತಿಯ ವಿಷಯವಾಗಿ ಮಾತು ಬಿಟ್ಟು ಅವನು ತೀರಿಕೊಂಡ ಮೇಲೆ ಕೊರಗುವವರು ಮತ್ತೊಬ್ಬರು. 2020 ಮತ್ತು 2021ರ ಕೊರೋನಾ ಕಾಲದಲ್ಲಿ ತಂದೆತಾಯಿಗಳ ಮುಖವನ್ನು ಕೊನೆಯ ಬಾರಿಗೆ ನೋಡಲಾರದೆ, ಬಾಯಿಗೆ ತೀರ್ಥವನ್ನೂ ಹಾಕಲಾರದೆ ಹೋದವರ ಅಳಲಂತೂ ಇಂದಿಗೂ ಆರಿಲ್ಲ.

ಹಿಂದಿನದನ್ನು ನೆನೆದು ದುಃಖಿಸುವವನು ಇಂದಿನ ಸುಖವನ್ನು ಅನುಭವಿಸಬಹುದೇ? ಅನುಭವಿಸಿದರೆ ಅದು ಅಗಲಿದವರಿಗೆ ಮಾಡುವ ದ್ರೋಹವಾಗುವುದೇ? ಅನುಭವಿಸದೆ ಕೊರಗುತ್ತಿರುವುದೇ ಪ್ರಾಯಶ್ಚಿತ್ತವೇ? ಈ ಪ್ರಶ್ನೆಗಳಿಗೆ ನಮ್ಮ ಶಾಸ್ತ್ರಪುರಾಣಗಳಲ್ಲಿ ಸ್ಪಷ್ಟವಾದ ಸಮಾಧಾನವಿದೆ. ಅದನ್ನು ಯಥಾಮತಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪಶ್ಚಾತ್ತಾಪದ ಸ್ಥಾನ

ಪಶ್ಚಾತ್ ಎಂದರೆ ಅನಂತರ. ತಾಪ ಎಂದರೆ ಬೇಗೆ. ಮಾಡಬಾರದುದನ್ನು ಮಾಡಿದ ಅನಂತರ, ಅಥವಾ ಮಾಡಬೇಕಾದುದನ್ನು ಮಾಡದೆ ಬಿಟ್ಟ ಅನಂತರ ಅಂತಃಕರಣದಲ್ಲಿ ಹುಟ್ಟುವ ಬೇಗೆಯೇ ಪಶ್ಚಾತ್ತಾಪ. ಇದನ್ನೇ ಶಾಸ್ತ್ರಕಾರರು ಅನುತಾಪವೆಂದೂ ಕರೆದಿದ್ದಾರೆ. ಇದು ಒಳ್ಳೆಯ ಲಕ್ಷಣವೇ ಹೊರತು ಕೆಟ್ಟದ್ದಲ್ಲ. ತಪ್ಪು ಮಾಡಿಯೂ ಬೇಗೆ ಹುಟ್ಟದ ಮನಸ್ಸು ಮರಗಟ್ಟಿದ ಅಂಗದಂತೆ. ಮುಳ್ಳು ಚುಚ್ಚಿದರೂ ಅದಕ್ಕೆ ಅರಿವಾಗದು.

ಆದರೆ ಈ ಬೇಗೆಯ ಪ್ರಯೋಜನವೇನೆಂಬುದನ್ನು ಗಮನಿಸಬೇಕು. ವಿಷ್ಣುಪುರಾಣದ ದ್ವಿತೀಯಾಂಶದಲ್ಲಿ, ಪಾಪವನ್ನು ಮಾಡಿದ ಮೇಲೆ ಯಾವನಿಗೆ ಅನುತಾಪವು ಹುಟ್ಟುವುದೋ ಅಂತಹವನಿಗೆ ಶ್ರೀಹರಿಯ ಸ್ಮರಣೆಯೇ ಪರಮಪ್ರಾಯಶ್ಚಿತ್ತವೆಂದು ಹೇಳಿದೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು, ಪಾಪಕ್ಕಾಗಿ ಪರಿತಪಿಸಿದವನು ಅದರಿಂದ ಬಿಡುಗಡೆ ಹೊಂದುತ್ತಾನೆ, ಮತ್ತೆ ಹಾಗೆ ಮಾಡೆನೆಂದು ಹಿಂದೆಗೆದವನು ಶುದ್ಧನಾಗುತ್ತಾನೆ ಎಂದು ತಿಳಿಸುತ್ತದೆ. ಇವೆರಡನ್ನೂ ಕೂಡಿಸಿ ನೋಡಿದರೆ ಮೂರು ಮೆಟ್ಟಿಲುಗಳು ಕಾಣುತ್ತವೆ: ಮೊದಲು ಅನುತಾಪ, ಬಳಿಕ ಮತ್ತೆ ಮಾಡೆನೆಂಬ ನಿಶ್ಚಯ, ಕೊನೆಗೆ ಹರಿಸ್ಮರಣೆ. ಮೊದಲನೆಯ ಮೆಟ್ಟಿಲ ಮೇಲೆಯೇ ಜೀವಮಾನವಿಡೀ ಕುಳಿತಿರಬೇಕೆಂದು ಈ ಎರಡು ಗ್ರಂಥಗಳೂ ಹೇಳಿಲ್ಲ.

ಜ್ವರ ಬಂದಾಗ ಕಷಾಯವನ್ನು ಕುಡಿಯುವುದು ಯುಕ್ತ. ಜ್ವರ ಬಿಟ್ಟ ಮೇಲೂ ಅನ್ನವನ್ನು ತೊರೆದು ಕಷಾಯವನ್ನೇ ಕುಡಿಯುತ್ತಿದ್ದರೆ ದೇಹವು ಕೃಶವಾಗುವುದಲ್ಲದೆ ಕಷಾಯಕ್ಕೂ ಅಪಕೀರ್ತಿ. ಅನುತಾಪವೂ ಹಾಗೆಯೇ. ಅದು ಮುಂದಿನ ಎರಡು ಮೆಟ್ಟಿಲುಗಳಿಗೆ ನಮ್ಮನ್ನು ಹತ್ತಿಸಿದರೆ ಪಶ್ಚಾತ್ತಾಪವೆನಿಸುತ್ತದೆ. ಹತ್ತಿಸದೆ ಹಿಡಿದು ಕೂರಿಸಿದರೆ ಬರಿಯ ಶೋಕವಾಗಿ ಉಳಿಯುತ್ತದೆ.

ಭೀಮಸೇನದೇವರ ಮಾತು

ಈ ಶೋಕವು ಎಂತಹ ದೊಡ್ಡವರನ್ನೂ ಬಿಡದೆಂಬುದಕ್ಕೆ ಧರ್ಮರಾಜನೇ ಸಾಕ್ಷಿ. ಹದಿನೆಂಟು ದಿನಗಳ ಯುದ್ಧ ಮುಗಿಯಿತು. ರಾಜ್ಯವು ಕೈಗೆ ಬಂದಿತು. ಆದರೆ ಜ್ಞಾತಿವಧೆಯನ್ನೂ, ಅದರಲ್ಲಿಯೂ ಕರ್ಣನು ತನ್ನ ಅಣ್ಣನೆಂದು ಅವನು ಸತ್ತ ಮೇಲೆ ತಿಳಿದುದನ್ನೂ ನೆನೆನೆನೆದು ಯುಧಿಷ್ಠಿರನು ಕುಸಿದುಹೋದನು. ತನಗೆ ರಾಜ್ಯ ಬೇಡ, ಕಾಡಿಗೆ ಹೋಗುವೆನೆಂದು ಹಟ ಹಿಡಿದನು. ತಮ್ಮಂದಿರೂ, ದ್ರೌಪದೀದೇವಿಯೂ, ಋಷಿಗಳೂ ಒಬ್ಬರಾದ ಮೇಲೊಬ್ಬರು ಸಮಾಧಾನ ಹೇಳಿದರು. ಶಾಂತಿಪರ್ವದ ಆರಂಭದ ಅಧ್ಯಾಯಗಳೆಲ್ಲ ಈ ಒಬ್ಬ ಅರಸನ ಅಳಲನ್ನು ಆರಿಸುವ ಪ್ರಯತ್ನವೇ ಆಗಿವೆ.

ಅವುಗಳಲ್ಲಿ ವಾಯುದೇವರ ದ್ವಿತೀಯಾವತಾರರಾದ ಭೀಮಸೇನದೇವರ ಮಾತು ನಮ್ಮ ಪ್ರಕೃತವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಭೀಮನೆಂದರೆ ಗದೆ ಮತ್ತು ಭೋಜನಗಳನ್ನಷ್ಟೇ ನೆನೆಯುವವರು ಈ ಭಾಗವನ್ನು ಅವಶ್ಯವಾಗಿ ಓದಬೇಕು. ಅವರು ಹೇಳಿದ ಅಭಿಪ್ರಾಯವಿಷ್ಟು: ವ್ಯಾಧಿಯು ಶಾರೀರಿಕವೆಂದೂ ಮಾನಸಿಕವೆಂದೂ ಎರಡು ಬಗೆ. ಇವೆರಡೂ ಒಂದನ್ನೊಂದು ಹುಟ್ಟಿಸುತ್ತವೆ. ಕಳೆದುಹೋದ ದುಃಖಕ್ಕಾಗಿ ಈಗ ಶೋಕಿಸುವವನು ದುಃಖದಿಂದ ಮತ್ತೊಂದು ದುಃಖವನ್ನು ಸಂಪಾದಿಸಿ ಎರಡು ಅನರ್ಥಗಳಿಗೆ ಗುರಿಯಾಗುತ್ತಾನೆ. ಲೋಕದಲ್ಲಿ ಕೆಲವರು ದುಃಖದಲ್ಲಿದ್ದಾಗ ಹಿಂದಿನ ಸುಖವನ್ನು ನೆನೆಯಲು ಹೊರಡುತ್ತಾರೆ. ಕೆಲವರು ಸುಖದಲ್ಲಿದ್ದಾಗ ಹಿಂದಿನ ದುಃಖವನ್ನು ನೆನೆಯುತ್ತಾರೆ. ಇದು ಮನಸ್ಸಿನ ಸ್ವಭಾವ.

ಸುಖದಲ್ಲಿದ್ದಾಗ ದುಃಖವನ್ನು ನೆನೆಯುವುದು! ಹಬ್ಬದ ಎಲೆಯ ಮುಂದೆ ತುತ್ತು ಇಳಿಯದ ನಮ್ಮ ಗೃಹಸ್ಥರ ಸ್ಥಿತಿಯನ್ನು ಶ್ರೀಭೀಮಸೇನದೇವರು ಆಗಲೇ ಗುರುತಿಸಿದ್ದರೆಂದರೆ ಆಶ್ಚರ್ಯವಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಅವರು ಅಣ್ಣನನ್ನು ಪ್ರಶ್ನಿಸುತ್ತಾರೆ. ಸಭೆಯಲ್ಲಿ ದ್ರೌಪದಿಗಾದ ಅಪಮಾನ, ಅಜಿನಗಳನ್ನುಟ್ಟು ಪಟ್ಟಣವನ್ನು ಬಿಟ್ಟುದು, ಜಟಾಸುರ, ಸೈಂಧವ, ಕೀಚಕರಿಂದ ಪಟ್ಟ ಪಾಡು, ಇವನ್ನೆಲ್ಲ ಮರೆತೆಯಾ? ಅವೂ ಕಳೆದವಲ್ಲವೇ? ಮನಸ್ಸು ತನಗೆ ಬೇಕಾದ ಒಂದು ದುಃಖವನ್ನು ಮಾತ್ರ ಆರಿಸಿ ಹಿಡಿದುಕೊಳ್ಳುತ್ತದೆಂಬುದು ಈ ಪ್ರಶ್ನೆಯಿಂದ ತಿಳಿದುಬರುತ್ತದೆ. ಕೊನೆಯಲ್ಲಿ ಅವರು ಹೇಳುವ ಮಾತು ಇನ್ನೂ ಗಂಭೀರವಾದುದು. ಭೀಷ್ಮದ್ರೋಣರೊಡನೆ ಆದ ಯುದ್ಧ ಮುಗಿಯಿತು. ಈಗ ನಿನಗೆ ನಿನ್ನ ಮನಸ್ಸೊಂದರೊಡನೆ ಯುದ್ಧವು ಒದಗಿದೆ. ಇದರಲ್ಲಿ ಬಾಣಗಳಿಂದಾಗಲಿ ಮಿತ್ರರಿಂದಾಗಲಿ ಬಂಧುಗಳಿಂದಾಗಲಿ ಪ್ರಯೋಜನವಿಲ್ಲ. ಇದನ್ನು ಗೆಲ್ಲದೆ ದೇಹವನ್ನು ಬಿಟ್ಟರೆ ಇನ್ನೊಂದು ದೇಹವನ್ನು ಧರಿಸಿ ಮತ್ತೆ ಇದರೊಡನೆಯೇ ಹೋರಾಡಬೇಕಾದೀತು.

ಧರ್ಮರಾಜನು ಒಂದೇ ದಿನದಲ್ಲಿ ಶೋಕವನ್ನು ಗೆದ್ದನೆಂದು ಮಹಾಭಾರತವು ಹೇಳುವುದಿಲ್ಲ. ಭೀಷ್ಮಾಚಾರ್ಯರು ದೇಹವನ್ನು ಬಿಟ್ಟ ಮೇಲೆ ಅದು ಮತ್ತೆ ಉಕ್ಕಿ ಬಂದುದನ್ನೂ ಮರೆಮಾಚದೆ ಹೇಳಿದೆ. ಆದರೆ ಅಷ್ಟರಲ್ಲಿ ಅವನು ಸುಮ್ಮನೆ ಕುಳಿತಿರಲಿಲ್ಲ. ಪಟ್ಟಾಭಿಷಿಕ್ತನಾದನು, ಶ್ರೀಕೃಷ್ಣನೊಡನೆ ಹೋಗಿ ಶರಶಯ್ಯೆಯ ಬಳಿ ಕುಳಿತು ಧರ್ಮಗಳನ್ನು ಕೇಳಿದನು, ಮುಂದೆ ಶ್ರೀವೇದವ್ಯಾಸದೇವರ ಉಪದೇಶದಂತೆ ಅಶ್ವಮೇಧವನ್ನು ಮಾಡಿದನು. ಶೋಕವು ಸಂಪೂರ್ಣವಾಗಿ ಹೋಗುವವರೆಗೆ ಕರ್ತವ್ಯವನ್ನು ತಡೆಹಿಡಿಯದೆ ಇದ್ದುದೇ ಅವನಿಗೆ ದಾರಿಯಾಯಿತು.

ಕರ್ತೃತ್ವದ ವಿವೇಕ

ಕೊರಗು ಬಿಡದೆ ಅಂಟಿಕೊಳ್ಳುವುದಕ್ಕೆ ಕಾರಣವೇನು? ನಮ್ಮ ಸಿದ್ಧಾಂತದ ದೃಷ್ಟಿಯಿಂದ ಇದನ್ನು ಸ್ವಲ್ಪ ವಿಚಾರಿಸೋಣ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಾಗಿಸಿದ್ದಾರೆ. ಸ್ವತಂತ್ರನು ಶ್ರೀವಿಷ್ಣುವೊಬ್ಬನೇ, ಉಳಿದುದೆಲ್ಲವೂ ಅವನ ಅಧೀನ. ಹಾಗೆಂದು ಜೀವನು ಕಲ್ಲುಮರಗಳಂತೆ ಏನನ್ನೂ ಮಾಡದವನೆಂದಲ್ಲ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದು ಮೊದಲು ಸ್ಥಾಪಿಸಿ, ಆ ಕರ್ತೃತ್ವವು ಪರಮಾತ್ಮನಿಂದಲೇ ಬಂದುದು ಎಂದು ಅನಂತರ ನಿರ್ಣಯಿಸಿದೆ. ಜೀವನು ಕರ್ತೃವೂ ಹೌದು, ಪರಾಧೀನನೂ ಹೌದು.

ಇದರಿಂದ ಎರಡು ಬಗೆಯ ತಪ್ಪುಗಳು ತಪ್ಪುತ್ತವೆ. ಎಲ್ಲವೂ ದೇವರು ಮಾಡಿಸಿದ್ದು, ನನ್ನದೇನೂ ಇಲ್ಲ ಎಂದು ಕೈಕೊಡವುವುದು ಒಂದು ತಪ್ಪು. ಹಾಗಾದರೆ ವಿಧಿನಿಷೇಧ ಶಾಸ್ತ್ರಗಳೆಲ್ಲ ವ್ಯರ್ಥವಾಗಬೇಕಾಗುತ್ತದೆ. ಎಲ್ಲವೂ ನನ್ನಿಂದಲೇ ಆಯಿತು, ನಾನೊಬ್ಬನು ಬೇರೆ ರೀತಿ ನಡೆದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂದು ಕೊರಗುವುದು ಇನ್ನೊಂದು ತಪ್ಪು. ಮೊದಲನೆಯದನ್ನು ಉದ್ಧಟತನವೆಂದು ಎಲ್ಲರೂ ಗುರುತಿಸುತ್ತಾರೆ. ಎರಡನೆಯದು ವಿನಯದಂತೆ ಕಾಣುವುದರಿಂದ ಯಾರೂ ಗುರುತಿಸುವುದಿಲ್ಲ. ಆದರೆ ಅದರೊಳಗೂ ಸ್ವತಂತ್ರಕರ್ತೃತ್ವದ ಅಭಿಮಾನವೇ ಅಡಗಿದೆ.

ಉದಾಹರಣೆಗೆ, "ಆ ದಿನ ನಾನು ಊರಿನಲ್ಲಿದ್ದಿದ್ದರೆ ತಾಯಿಯ ಸೇವೆ ಮಾಡುತ್ತಿದ್ದೆ" ಎಂಬ ಮಾತನ್ನು ತೆಗೆದುಕೊಳ್ಳೋಣ. ಸೇವೆ ಮಾಡುವುದು ಮಗನ ಕರ್ತವ್ಯ. ಅದು ತಪ್ಪಿದ್ದಕ್ಕೆ ಅನುತಾಪವು ಯುಕ್ತವೇ. "ಆ ದಿನ ನಾನು ಊರಿನಲ್ಲಿದ್ದಿದ್ದರೆ ತಾಯಿ ಉಳಿಯುತ್ತಿದ್ದರು" ಎಂಬುದು ಬೇರೆಯ ಮಾತು. ಆಯುಸ್ಸನ್ನು ಕೊಡುವುದು, ತೆಗೆಯುವುದು ನಮ್ಮ ಕೈಯಲ್ಲಿತ್ತೆಂದು ಅದರ ಅರ್ಥವಾಗುತ್ತದೆ. ಮೊದಲನೆಯದರಲ್ಲಿ ನಮ್ಮ ಪಾಲಿನ ತಪ್ಪಿದೆ; ಎರಡನೆಯದರಲ್ಲಿ ಭಗವಂತನ ಅಧಿಕಾರವನ್ನು ನಾವು ಹೊತ್ತುಕೊಂಡಿದ್ದೇವೆ. ಕೊರಗುವವನು ಏಕಾಂತದಲ್ಲಿ ಕುಳಿತು ತನ್ನ ಕೊರಗಿನಲ್ಲಿ ಈ ಎರಡನ್ನೂ ಬೇರ್ಪಡಿಸಬೇಕು. ಮೊರದಲ್ಲಿ ಅಕ್ಕಿಯನ್ನು ಕೇರಿದಂತೆ ಕೇರಿದರೆ, ನಮ್ಮದೆಂದು ಉಳಿಯುವುದು ಎಷ್ಟೋ ಸಲ ಒಂದು ಹಿಡಿಯಷ್ಟು ಮಾತ್ರ. ಆ ಒಂದು ಹಿಡಿಗೆ ಪ್ರಾಯಶ್ಚಿತ್ತವುಂಟು. ಉಳಿದ ರಾಶಿಗೆ ಪ್ರಾಯಶ್ಚಿತ್ತವಿಲ್ಲ. ಏಕೆಂದರೆ ಅದು ನಮ್ಮ ಅಪರಾಧವೇ ಅಲ್ಲ. ಪ್ರಾಯಶ್ಚಿತ್ತವಿಲ್ಲದುದನ್ನು ಹೊತ್ತಿರುವುದರಿಂದಲೇ ಆ ಭಾರವು ಇಳಿಯುವುದೇ ಇಲ್ಲ.

ಪರೀಕ್ಷಿದ್ರಾಜನ ಏಳು ದಿನಗಳು

ಅನುತಾಪವು ಹೇಗಿರಬೇಕು, ಅದು ಯಾವುದಾಗಿ ಮಾರ್ಪಡಬೇಕು ಎಂಬುದಕ್ಕೆ ಶ್ರೀಮದ್ಭಾಗವತದ ಪರೀಕ್ಷಿದ್ರಾಜನ ಕಥೆಗಿಂತ ಉತ್ತಮವಾದ ನಿದರ್ಶನ ದುರ್ಲಭ. ಬೇಟೆಯಿಂದ ಬಳಲಿ, ಬಾಯಾರಿ, ಶಮೀಕಮುನಿಗಳ ಆಶ್ರಮಕ್ಕೆ ಬಂದ ಅರಸನು ನೀರನ್ನು ಕೇಳಿದನು. ಸಮಾಧಿಯಲ್ಲಿದ್ದ ಮುನಿಗಳು ಮಾತನಾಡಲಿಲ್ಲ. ಬಾಯಾರಿಕೆಯೂ ಕೋಪವೂ ಸೇರಿ ವಿವೇಕವನ್ನು ಕೆಡಿಸಿದವು. ಬಿಲ್ಲಿನ ತುದಿಯಿಂದ ಸತ್ತ ಹಾವೊಂದನ್ನೆತ್ತಿ ಮುನಿಗಳ ಹೆಗಲ ಮೇಲೆ ಹಾಕಿ ಹೊರಟುಹೋದನು. ಮುನಿಪುತ್ರನಾದ ಶೃಂಗಿಯು ಏಳನೆಯ ದಿನ ತಕ್ಷಕನು ಕಚ್ಚಲೆಂದು ಶಪಿಸಿದನು.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಶಾಪದ ಸುದ್ದಿ ಕಿವಿಗೆ ಬೀಳುವ ಮೊದಲೇ ಅರಸನು ಅರಮನೆಯಲ್ಲಿ ತನ್ನ ಕೃತ್ಯವನ್ನು ನೆನೆದು ನೊಂದುಕೊಳ್ಳುತ್ತಿದ್ದನು. ಶಿಕ್ಷೆಯ ಭಯದಿಂದ ಹುಟ್ಟಿದ ಅನುತಾಪವಲ್ಲ ಅದು. ಈ ಪಾಪದ ಫಲವು ನನಗೇ ಬರಲಿ, ಮತ್ತೆಂದಿಗೂ ನಾನು ಹೀಗೆ ಮಾಡದಂತಾಗಲಿ ಎಂದು ಅವನು ಹಾರೈಸಿದನು. ಹೀಗೆ ಎರಡನೆಯ ಮೆಟ್ಟಿಲನ್ನೂ ಅವನು ಆಗಲೇ ಹತ್ತಿಯಾಗಿತ್ತು. ಶಾಪದ ವಾರ್ತೆ ಬಂದಾಗ ಅದನ್ನು ವೈರಾಗ್ಯಕ್ಕೆ ಕಾರಣವಾದ ಅನುಗ್ರಹವೆಂದೇ ತಿಳಿದು, ಮಗನಾದ ಜನಮೇಜಯನಿಗೆ ರಾಜ್ಯವನ್ನೊಪ್ಪಿಸಿ, ಗಂಗಾತೀರದಲ್ಲಿ ಪ್ರಾಯೋಪವೇಶವನ್ನು ಕೈಕೊಂಡನು.

ಅವನ ಬಳಿಯಲ್ಲಿದ್ದುದು ಏಳೇ ದಿನಗಳು. ಆ ಏಳು ದಿನಗಳನ್ನೂ ಸತ್ತ ಹಾವಿನ ನೆನಪಿನಲ್ಲಿಯೇ ಕಳೆಯಲು ಅವನಿಗೆ ಸಾಕಷ್ಟು ಕಾರಣವಿತ್ತು. ಅವನು ಹಾಗೆ ಮಾಡಲಿಲ್ಲ. ಸೇರಿದ್ದ ಋಷಿಗಳನ್ನು ನೋಡಿ, ತಕ್ಷಕನು ಬಂದು ಕಚ್ಚುವುದಾದರೆ ಕಚ್ಚಲಿ, ನೀವು ವಿಷ್ಣುಕಥೆಗಳನ್ನು ಹೇಳಿರಿ ಎಂದನು. ಶ್ರೀಶುಕಾಚಾರ್ಯರು ಬಂದಾಗ, ಮರಣ ಸಮೀಪಿಸಿದವನು ಕೇಳಬೇಕಾದುದೇನು, ಮಾಡಬೇಕಾದುದೇನು ಎಂದು ಪ್ರಶ್ನಿಸಿದನು. ಆ ಪ್ರಶ್ನೆಯಿಂದಲೇ ಭಾಗವತವು ನಮಗೆ ದೊರೆತಿದೆ. ದಶಮಸ್ಕಂಧದ ಆರಂಭದಲ್ಲಿ ಅವನು, ನೀರನ್ನೂ ಬಿಟ್ಟಿರುವ ತನಗೆ ಹರಿಕಥಾಮೃತವನ್ನು ಕುಡಿಯುತ್ತಿರುವುದರಿಂದ ಹಸಿವಿನ ಬಾಧೆಯಿಲ್ಲವೆಂದು ಹೇಳಿಕೊಳ್ಳುತ್ತಾನೆ. ಯಾವ ಬಾಯಾರಿಕೆಯಿಂದ ಅಪರಾಧವು ಹುಟ್ಟಿತೋ ಆ ಬಾಯಾರಿಕೆಯೇ ಇಲ್ಲಿ ಅಡಗಿಹೋಗಿದೆ. ಅಪರಾಧದ ಬೇರೇ ಒಣಗಿದ ಮೇಲೆ ಇನ್ನು ಬೇರೆ ಪ್ರಾಯಶ್ಚಿತ್ತವೇನು ಬೇಕು?

ಪರೀಕ್ಷಿದ್ರಾಜನು ಆ ಏಳು ದಿನಗಳಲ್ಲಿ ಆನಂದಿಸಿದನು. ತಪ್ಪು ಮಾಡಿದವನಿಗೆ ಕಥಾಶ್ರವಣದ ಆನಂದವೇಕೆಂದು ಶುಕಾಚಾರ್ಯರು ಅವನನ್ನು ಕೇಳಲಿಲ್ಲ. ಈ ಮಾತನ್ನು ಕೊರಗುವವರು ಮನಸ್ಸಿನಲ್ಲಿ ದೃಢವಾಗಿ ಇಟ್ಟುಕೊಳ್ಳಬೇಕು.

ನಲವತ್ತು ವರ್ಷಗಳ ದಾನ

ಪುರಾಣಕಾಲದ ರಾಜರಿಗೆ ಸಾಧ್ಯವಾದುದು ನಮ್ಮಂಥವರಿಗೆ ಸಾಧ್ಯವೇ ಎಂದು ಕೇಳುವವರಿಗೆ ಶ್ರೀಜಗನ್ನಾಥದಾಸರ (1728-1809) ಚರಿತ್ರೆಯಿದೆ. ರಾಯಚೂರು ಸೀಮೆಯ ಮಾನ್ವಿಯ ಪ್ರಾಂತದಲ್ಲಿ ಬಾಳಿದ ಇವರು ಪೂರ್ವದಲ್ಲಿ ಶ್ರೀನಿವಾಸಾಚಾರ್ಯರೆಂಬ ಪ್ರಖ್ಯಾತ ಸಂಸ್ಕೃತ ಪಂಡಿತರು. ಸಂಪ್ರದಾಯದಲ್ಲಿ ಹೇಳಿಕೊಂಡು ಬಂದಂತೆ, ಕನ್ನಡದಲ್ಲಿ ಹಾಡುವ ದಾಸರೆಂಬ ತಾತ್ಸಾರದಿಂದ ಶ್ರೀವಿಜಯದಾಸರು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ಬಾರದೆ ಉಳಿದರು. ನೆಪವು ನಿಜವಾಯಿತು, ಉದರಶೂಲೆಯು ಪ್ರಾಣಾಂತಿಕವಾಗಿ ಕಾಡಿತು. ಮಂತ್ರಾಲಯದಲ್ಲಿ ಶ್ರೀರಾಯರನ್ನು ಸೇವಿಸಿ, ಅವರ ಪ್ರೇರಣೆಯಂತೆ ವಿಜಯದಾಸರಿಗೆ ಶರಣಾಗಿ, ಅವರ ಆಜ್ಞೆಯಂತೆ ಶ್ರೀಗೋಪಾಲದಾಸರ ಬಳಿಗೆ ಬಂದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು.

ಆ ನಲವತ್ತು ವರ್ಷಗಳನ್ನು ಅವರು ಹೇಗೆ ಬಳಸಿದರೆಂಬುದೇ ಇಲ್ಲಿ ಮುಖ್ಯ. ಎಲೆಯ ಮುಂದೆ ಕುಳಿತಾಗಲೆಲ್ಲ, ಅಂದು ಆ ಪ್ರಸಾದವನ್ನು ಬೇಡವೆಂದೆನಲ್ಲಾ ಎಂದು ಕೊರಗಿ ಕಣ್ಣೀರಿಡುತ್ತಾ ಕುಳಿತಿದ್ದರೆ ಅದೊಂದು ದೊಡ್ಡ ಅನುತಾಪವೆಂದು ಜನರು ಕೊಂಡಾಡುತ್ತಿದ್ದರೇನೋ. ಆದರೆ ಹರಿಕಥಾಮೃತಸಾರವು ಹುಟ್ಟುತ್ತಿರಲಿಲ್ಲ. ಯಾವ ಭಾಷೆಯ ದಾಸಸಾಹಿತ್ಯವನ್ನು ತಾತ್ಸಾರ ಮಾಡಿದ್ದರೋ ಅದೇ ಕನ್ನಡದಲ್ಲಿ, ಭಾಮಿನೀಷಟ್ಪದಿಯಲ್ಲಿ, ಮೂವತ್ತೆರಡು ಸಂಧಿಗಳಲ್ಲಿ ಸಕಲಶಾಸ್ತ್ರಸಾರವನ್ನು ಅವರು ಹೆಣೆದಿಟ್ಟರು. ಸಂಸ್ಕೃತವನ್ನರಿಯದ ನಮ್ಮ ಮಾತೆಯರೂ ಬಾಲಕರೂ ಇಂದು ಸಿದ್ಧಾಂತಪ್ರಮೇಯಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರೆ ಅದು ಆ ಪಶ್ಚಾತ್ತಾಪದ ಫಲ. ತಪ್ಪಾದ ಜಾಗದಲ್ಲಿಯೇ ಸೇವೆಯನ್ನು ಮಾಡಿ ತಪ್ಪನ್ನು ತುಂಬುವುದೆಂದರೆ ಇದೇ. ಅವರ ಆರಾಧನೆಯು ಮಹಾಲಯಪಕ್ಷಕ್ಕೆ ಕೆಲವೇ ದಿನಗಳ ಮೊದಲು, ಭಾದ್ರಪದ ಶುದ್ಧ ನವಮಿಯಂದು ಬರುವುದೂ ನಮಗೊಂದು ಸೂಚನೆಯಂತಿದೆ.

ಏಕಾದಶಿಯೂ ದ್ವಾದಶಿಯೂ

ಇನ್ನು ವರ್ತಮಾನದ ಸುಖದ ವಿಷಯ. ನಮ್ಮ ಸಿದ್ಧಾಂತವು ಆನಂದವನ್ನು ಹಳಿದಿಲ್ಲ. ಮೋಕ್ಷವೆಂದರೆ ಜೀವನ ಸ್ವರೂಪಾನಂದದ ಆವಿರ್ಭಾವವೆಂದೇ ಶ್ರೀಮದಾಚಾರ್ಯರು ನಿರ್ಣಯಿಸಿದ್ದಾರೆ. ಲೌಕಿಕಸುಖವು ಅದರ ಎದುರಿಗೆ ಅತ್ಯಲ್ಪ. ಆದರೂ ಶ್ರೀಹರಿಗೆ ನಿವೇದಿಸಿ, ವಾಯುದೇವರಿಗೆ ಹಸ್ತೋದಕವನ್ನು ಕೊಟ್ಟು, ಬಳಿಕ ಸ್ವೀಕರಿಸಿದಾಗ ಅದೇ ಅನ್ನವು ಪ್ರಸಾದವೆನಿಸುತ್ತದೆ. ಮಕ್ಕಳು ಮೊಮ್ಮಕ್ಕಳು ಸುತ್ತ ಕುಳಿತ ಹಬ್ಬದ ಪಂಕ್ತಿಯೂ ಹೀಗೆಯೇ ಭಗವಂತನು ಕೊಟ್ಟ ಪ್ರಸಾದ. ಕೈಗೆ ಬಂದ ಪ್ರಸಾದವನ್ನು ಅಂದಿನ ನೆನಪಿಗಾಗಿ ಇಂದು ತಿರಸ್ಕರಿಸುವುದು ಅನುತಾಪವೆನಿಸದು. ಅದು ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು.

ಏಕಾದಶಿಯ ವ್ರತವನ್ನು ನೋಡಿರಿ. ಅಂದು ನೀರನ್ನೂ ಮುಟ್ಟದೆ ಉಪವಾಸವಿರುವುದು ಶ್ರೇಷ್ಠ. ಆದರೆ ಆ ಉಪವಾಸಕ್ಕೂ ಒಂದು ಅವಧಿಯಿದೆ. ದ್ವಾದಶಿಯಂದು ವಿಹಿತಕಾಲದಲ್ಲಿ ಪಾರಣೆಯನ್ನು ಮಾಡಲೇಬೇಕು. ನನಗೆ ಭಕ್ತಿ ಹೆಚ್ಚು, ಇಂದೂ ಉಪವಾಸವಿರುವೆನೆಂದು ಪಾರಣೆಯನ್ನು ಬಿಟ್ಟವನಿಗೆ ವ್ರತಫಲವಿಲ್ಲ, ದೋಷವೇ ಉಂಟು. ಅಂಬರೀಷನು ದೂರ್ವಾಸರು ಬರುವುದು ತಡವಾದಾಗ ಕೇವಲ ನೀರನ್ನು ಸ್ವೀಕರಿಸಿಯಾದರೂ ಪಾರಣೆಯ ಕಾಲವನ್ನು ಕಾಪಾಡಿಕೊಂಡುದನ್ನು ಭಾಗವತದ ನವಮಸ್ಕಂಧವು ಹೇಳುತ್ತದೆ. ಅನುತಾಪವೂ ಏಕಾದಶಿಯಂತೆ ಶುದ್ಧಿಕರವಾದ ಉಪವಾಸ. ಅದಕ್ಕೂ ದ್ವಾದಶಿಯೊಂದು ಬರಬೇಕು.

ಅಗಲಿದವರು ನಮ್ಮ ಸಂತೋಷವನ್ನು ಸಹಿಸರೆಂಬ ಶಂಕೆಯುಳ್ಳವರು ನಾಂದೀಶ್ರಾದ್ಧವನ್ನು ನೆನೆಯಬೇಕು. ಉಪನಯನ, ವಿವಾಹಾದಿ ಶುಭಕಾರ್ಯಗಳಲ್ಲಿ ಮೊದಲು ಪಿತೃಗಳನ್ನೇ ಕರೆಯುತ್ತೇವೆ. ಇಲ್ಲಿ ಎಳ್ಳಿನ ಬದಲು ಯವೆ. ಜನಿವಾರವು ಸವ್ಯದಲ್ಲಿಯೇ ಇರುತ್ತದೆ. ಪಿತೃಗಳಿಗೆ ಇಲ್ಲಿ ನಾಂದೀಮುಖರೆಂದು ಹೆಸರು, ಎಂದರೆ ಹರ್ಷಗೊಂಡವರು. ಮೊಮ್ಮಗನ ಉಪನಯನವನ್ನು ನೋಡಲು ತಾಯಿಯಿಲ್ಲವಲ್ಲಾ ಎಂದು ಕೊರಗುವ ಗೃಹಸ್ಥನ ಮನೆಗೆ ಶಾಸ್ತ್ರವು ಆ ತಾಯಿಯನ್ನು ಎಲ್ಲರಿಗಿಂತ ಮೊದಲು, ನಗುಮುಖದಿಂದಲೇ ಕರೆತಂದು ಕೂರಿಸಿದೆ. ಅವರು ಸಂತೋಷಪಡುವ ಸಮಯದಲ್ಲಿ ನಾವು ಅಳುತ್ತಾ ಕುಳಿತರೆ ಅವರಿಗೆ ಸಮಾಧಾನವಾದೀತೇ?

ಅನುಷ್ಠಾನಕ್ರಮ

ವಿಚಾರವು ಅನುಷ್ಠಾನಕ್ಕೆ ಬಾರದಿದ್ದರೆ ವ್ಯರ್ಥ. ಆದ್ದರಿಂದ ನಮಗೆ ತೋರಿದ ಕ್ರಮವನ್ನು ಸಂಗ್ರಹವಾಗಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ಸರಿಪಡಿಸಲು ಸಾಧ್ಯವಿರುವ ತಪ್ಪನ್ನು ಇಂದೇ ಸರಿಪಡಿಸಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರು ಬದುಕಿದ್ದರೆ ಹಬ್ಬದ ನೆಪದಲ್ಲಿಯಾದರೂ ಅವರ ಮನೆಯ ಬಾಗಿಲಿಗೆ ಹೋಗಬೇಕು. ವಿಜಯದಶಮಿಯಂದು ಬನ್ನಿಯನ್ನು ಕೊಟ್ಟು ಹಿರಿಯರಿಗೆ ನಮಸ್ಕರಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ನಾಳೆ ಶ್ರಾದ್ಧದಲ್ಲಿ ಹೆಸರು ಹೇಳಿ ಅಳುವುದಕ್ಕಿಂತ ಇಂದು ಹೆಸರು ಹಿಡಿದು ಕರೆಯುವುದು ಲೇಸು.

ಎರಡನೆಯದಾಗಿ, ಅಪರಾಧಕ್ಕೆ ಗುರಿಯಾದವರು ಈಗಾಗಲೇ ಅಗಲಿದ್ದರೆ, ಅವರ ತಿಥಿಯನ್ನೂ ಮಹಾಲಯವನ್ನೂ ಶ್ರದ್ಧೆಯಿಂದ ಆಚರಿಸಬೇಕು; ಜೊತೆಗೆ, ಅವರಿಗೆ ತಪ್ಪಿದ ಸೇವೆಯನ್ನು ಇನ್ನೊಬ್ಬರಿಗೆ ಸಲ್ಲಿಸಬೇಕು. ತಾಯಿಗೆ ಕೊನೆಗಾಲದಲ್ಲಿ ಔಷಧವನ್ನು ಕೊಡಲಾಗದವನು, ಬೀದಿಯಲ್ಲಿ ಒಂಟಿಯಾಗಿರುವ ವೃದ್ಧೆಯೊಬ್ಬರನ್ನು ತಿಂಗಳಿಗೊಮ್ಮೆ ವೈದ್ಯರ ಬಳಿಗೆ ಕರೆದೊಯ್ಯಲಿ. ತಪ್ಪಾದ ಜಾಗದಲ್ಲಿಯೇ ಸೇವೆಯೆಂಬ ಜಗನ್ನಾಥದಾಸರ ಮಾರ್ಗವೇ ಇದು.

ಮೂರನೆಯದಾಗಿ, ಕೊರೋನಾ ಕಾಲದಲ್ಲಿ ನಿರ್ಬಂಧಗಳಿಂದ ಕಡೆಯ ಸೇವೆಯನ್ನು ಮಾಡಲಾಗದವರು ತಮ್ಮನ್ನು ಅಪರಾಧಿಗಳೆಂದೇ ಎಣಿಸಬೇಕಾಗಿಲ್ಲ. ದೇಹವೇ ದೊರೆಯದೆ ಹೋದಾಗ ದರ್ಭೆ, ಪಲಾಶಪರ್ಣಗಳಿಂದ ಪ್ರತಿಕೃತಿಯನ್ನು ಮಾಡಿ ಸಂಸ್ಕರಿಸುವ ವಿಧಿಯನ್ನು ಧರ್ಮಶಾಸ್ತ್ರವು ಬಹಳ ಹಿಂದೆಯೇ ಹೇಳಿಟ್ಟಿದೆ. ಮಗನು ಹತ್ತಿರವಿರಲಾರದ ಸಂದರ್ಭಗಳು ಬರುತ್ತವೆಂದು ಶಾಸ್ತ್ರಕ್ಕೆ ಗೊತ್ತಿತ್ತು. ಯಾವುದಾದರೂ ಕರ್ಮವು ಲೋಪವಾಯಿತೆಂಬ ಶಂಕೆಯಿದ್ದರೆ ತಮ್ಮ ಪುರೋಹಿತರನ್ನು ಕೇಳಿ, ಅವರು ಹೇಳಿದುದನ್ನು ಒಮ್ಮೆ ಮಾಡಿ ನಿಶ್ಚಿಂತರಾಗಬೇಕು. ಪದೇಪದೇ ಸಂಶಯಪಡುವುದು ಶಾಸ್ತ್ರದಲ್ಲಿಯೇ ಅವಿಶ್ವಾಸವನ್ನು ತೋರಿದಂತೆ.

ನಾಲ್ಕನೆಯದಾಗಿ, ಅನುತಾಪಕ್ಕೆ ದಿನದಲ್ಲಿ ನಿಯತವಾದ ಕಾಲವನ್ನು ಕೊಡಬೇಕು. ಉಪನೀತರಿಗೆ ಸಂಧ್ಯಾವಂದನೆಯಲ್ಲಿಯೇ ಇದಕ್ಕೆ ಸ್ಥಳವಿದೆ. ಪ್ರಾತಃಕಾಲದ ಮಂತ್ರಾಚಮನದಲ್ಲಿ ರಾತ್ರಿ ಮಾಡಿದ ಪಾಪಗಳ, ಸಾಯಂಕಾಲದಲ್ಲಿ ಹಗಲು ಮಾಡಿದ ಪಾಪಗಳ ಪರಿಹಾರವನ್ನು ಪ್ರಾರ್ಥಿಸುತ್ತೇವೆ. ಬಳಿಕ ಪಾಪಪುರುಷವಿಸರ್ಜನೆಯಲ್ಲಿ ಕೈಯ ನೀರನ್ನು ಕಣ್ಣೆತ್ತಿಯೂ ನೋಡದೆ ಎಡಭಾಗಕ್ಕೆ ಬಿಟ್ಟು, ಮುಂದಿನ ಅರ್ಘ್ಯಕ್ಕೆ ಸಿದ್ಧರಾಗುತ್ತೇವೆ. ನೋಡದೆ ಬಿಡಬೇಕೆಂಬ ಈ ವಿಧಿಯ ಅರ್ಥವನ್ನು ಸ್ವಲ್ಪ ಯೋಚಿಸಿರಿ. ಬಿಟ್ಟ ನೀರನ್ನು ಮತ್ತೆ ಬಗ್ಗಿ ನೋಡುತ್ತಾ ಕುಳಿತರೆ ಅರ್ಘ್ಯದ ಕಾಲವು ಮೀರಿಹೋಗುತ್ತದೆ. ಮಾತೆಯರೂ ಬಾಲಕರೂ ಸಂಜೆ ದೀಪ ಹಚ್ಚುವಾಗ ಅಂದಿನ ತಪ್ಪುಗಳನ್ನು ದೇವರಲ್ಲಿ ಅರಿಕೆ ಮಾಡಿಕೊಂಡು, ನಾಮಸ್ಮರಣೆಯನ್ನು ಮಾಡಿ ಏಳುವ ಅಭ್ಯಾಸವನ್ನು ಇಟ್ಟುಕೊಳ್ಳಬಹುದು. ಹಳೆಯ ಕೊರಗು ಅಕಾಲದಲ್ಲಿ, ಊಟದ ವೇಳೆಯಲ್ಲಿಯೋ ಮಕ್ಕಳ ನಗುವಿನ ನಡುವೆಯೋ ಬಂದರೆ, ನಿನ್ನ ಕಾಲ ಸಂಜೆಯ ದೀಪದ ಬಳಿ ಎಂದು ಅದಕ್ಕೆ ಹೇಳಬೇಕು. ಹೀಗೆ ಹೇಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಆದರೆ ದಿನಕ್ರಮೇಣ ತನ್ನ ಸ್ಥಳವನ್ನು ಅರಿತುಕೊಳ್ಳುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಳೆದುದನ್ನು ಬಿಡಬೇಕೆಂಬ ಮಾತನ್ನು ಹಿಡಿದು, ಶ್ರಾದ್ಧಾದಿಗಳನ್ನು ಬಿಟ್ಟು ವಿನೋದದಲ್ಲಿ ಕಾಲ 

ಕಳೆಯುವುದಕ್ಕೆ ಈ ಲೇಖನದಲ್ಲಿ ಸಮ್ಮತಿಯಿಲ್ಲ. ಮಹಾಲಯವನ್ನು ಮಾಡದವನಿಗೆ ನವರಾತ್ರಿಯ ಸಂಭ್ರಮವೂ ಪೂರ್ಣವಾಗದು. ಎರಡನ್ನೂ ಅವುಗಳ ತಿಥಿಯಲ್ಲಿ ಮಾಡಬೇಕೆಂಬುದೇ ನಮ್ಮ ಅಭಿಪ್ರಾಯ.

ಅಮಾವಾಸ್ಯೆಯ ತರ್ಪಣದ ತಾಮ್ರದ ತಂಬಿಗೆಯನ್ನು ತೊಳೆದು, ಅದೇ ತಂಬಿಗೆಯಲ್ಲಿ ಮರುದಿನ ದೇವರ ಅಭಿಷೇಕಕ್ಕೆ ನೀರು ತುಂಬುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಸಜ್ಜನರು ಈ ಸಲ ಶುದ್ಧ ಪಾಡ್ಯದಂದು ಪಂಕ್ತಿಯಲ್ಲಿ ಕುಳಿತಾಗ, ಅಗಲಿದವರನ್ನು ಒಂದು ಕ್ಷಣ ಕೃತಜ್ಞತೆಯಿಂದ ನೆನೆದು, ಅವರ ಅಂತರ್ಯಾಮಿಯಾದ ಶ್ರೀಹರಿಗೆ ನಮಸ್ಕರಿಸಿ, ಎಲೆಯಲ್ಲಿ ಬಡಿಸಿದುದನ್ನು ಪ್ರಸಾದವೆಂದು ಸಂತೋಷದಿಂದ ಸ್ವೀಕರಿಸಲಿ. ಭೀಮಸೇನದೇವರು ಧರ್ಮರಾಜನ ಮನಸ್ಸಿಗೆ ನೀಡಿದ ಧೈರ್ಯವನ್ನು ನಮ್ಮೆಲ್ಲರಿಗೂ ಅನುಗ್ರಹಿಸಲೆಂದು ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನಲ್ಲಿ ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು